ಯಾಕೂಬಸಾಬರ ಐವತ್ತೆರಡು

ಯಾಕೂಬಸಾಬರು ಕೂತು ಚಹಾ ಕುಡಿದದ್ದನ್ನು ನಾನು ಕಂಡವನಲ್ಲ. ನನ್ನ ಹಳೆಯ ಸ್ಕೂಟರನ್ನು ಗೋಕುಲ ರಸ್ತೆಯ ಅವರ ಗ್ಯಾರೇಜಿಗೆ ಹನ್ನೆರಡು ವರ್ಷ ಒಯ್ದಿದ್ದೇನೆ. ಎಡಗೈಯಲ್ಲಿ ಬಸಿ, ಬಲಗೈಯಲ್ಲಿ ನಟ್ಟು ತಿರುಗಿಸುವ ಪಾನಾ, ಚಹಾ ಮುಗಿಯುತ್ತಲೇ ಅಂಗೈಯಲ್ಲಿ ತಂಬಾಕು, ಹೀಗೆ ಮುಂದಕ್ಕೆ ಬಾಗಿದ ಆ ನೀಳಕಾಯ, ಯಾರೋ ಹಿಂದಿನಿಂದ ನೂಕುತ್ತಿರುವಂತೆ, ಸದಾ ಅತ್ತಿಂದಿತ್ತ ಧಾವಿಸುತ್ತಿತ್ತು. "ಲಗೂ ಹೇಳ್ರಿ ಸರ, ಟೈಮಿಲ್ಲ" ಎಂಬುದು ಅವರ ಪಲ್ಲವಿ.

ಈ ಆತುರದ ಮೂಲ ನನಗೆ ತಿಳಿದದ್ದು ತಡವಾಗಿ. ಅವರ ತಂದೆ ಐವತ್ತೆರಡಕ್ಕೆ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಿದ್ದರು. ಅಣ್ಣನೂ ಅದೇ ವಯಸ್ಸಿಗೆ. ತಮ್ಮ ಸರದಿಯೂ ನಿಶ್ಚಿತವೆಂದು ನಂಬಿದ ಯಾಕೂಬಸಾಬರು ಮಗಳು ಫರಹತಳ ಮದುವೆಯನ್ನು ಅವಸರದಲ್ಲೇ ಮುಗಿಸಿದರು, ಮನೆಗೆ ಮಾಳಿಗೆ ಏರಿಸಿದರು, ಕಾಗದಪತ್ರಗಳನ್ನು ಹೆಂಡತಿಯ ಹೆಸರಿಗೆ ಮಾಡಿಸಿದರು. ರಕ್ತದೊತ್ತಡವನ್ನು ಮಾತ್ರ ಒಮ್ಮೆಯೂ ನೋಡಿಸಲಿಲ್ಲ. ಕೇಳಿದರೆ, "ಹಣಿಯಾಗ ಬರದದ್ದು ತಪ್ಪೂದಿಲ್ಲರಿ. ಸುಮ್ನ ಯಾಕ ತೋರಿಸ್ಕೋಬೇಕು?" ಎನ್ನುತ್ತಿದ್ದರು.

ಐವತ್ತೆರಡು ತುಂಬಿದ ವಾರ ನಾನು ಗ್ಯಾರೇಜಿನಲ್ಲಿದ್ದೆ. ಬುತ್ತಿ ತಂದಿದ್ದ ಫರಹತಳ ಕೈಗೆ ಅವರು ಕೀಲಿಕೈಗಳ ಗೊಂಚಲು ಕೊಟ್ಟು, ಯಾವುದು ಎಲ್ಲಿಯದೆಂದು ವಿವರಿಸತೊಡಗಿದರು. ಅವಳು ಅದನ್ನು ನೆಲಕ್ಕೆ ಒಗೆದಳು.

"ಸಾಯಾಕ ಎಲ್ಲಾ ತಯಾರಿ ಮಾಡೀರಿ ಅಬ್ಬಾ. ಬದುಕಾಕ ಏನು ಮಾಡೀರಿ, ಹೇಳ್ರಿ?"

ಯಾಕೂಬಸಾಬರು ಬಾಗಿ ಗೊಂಚಲನ್ನು ಎತ್ತಿ ಕಿಸೆಗೆ ಹಾಕಿಕೊಂಡರು. ಆಮೇಲೆ ಗ್ರೀಸಿನ ಕೈಯಲ್ಲೇ ನನ್ನ ಸ್ಕೂಟರಿನ ಹಿಂದೆ ಕೂತು ದವಾಖಾನೆಗೆ ಬಂದರು. ಒತ್ತಡ ನೂರಾ ಎಪ್ಪತ್ತೆಂಟು, ಸಕ್ಕರೆಯೂ ಹೆಚ್ಚು.

"ನಿಮ್ಮ ತಂದಿ, ಅಣ್ಣ ಬಿ.ಪಿ. ಗುಳಿಗಿ ತಗೋತಿದ್ರೇನು?" ಎಂದು ಐವತ್ತೆರಡರ ಕಥೆಯನ್ನೆಲ್ಲ ಕೇಳಿದ ಡಾಕ್ಟರ್ ಮೃಣಾಲಿನಿ ವಿಚಾರಿಸಿದರು.

"ಅವರೂ ತೋರಿಸಿರಲಿಲ್ಲರಿ."

"ತಂಬಾಕು?"

"ಮೂರೂ ಮಂದಿ."

"ಮನೆತನದಾಗ ಅದ ಅಂದಮ್ಯಾಲೆ ನೀವು ಎಲ್ಲಾರಕಿಂತ ಮೊದಲ ಬರಬೇಕಿತ್ತು. ತಪ್ಪು ವಯಸ್ಸಿನ ಮ್ಯಾಲೆ ಯಾಕ ಹಾಕ್ತೀರಿ?"

ಅಂದಿನಿಂದ ಯಾಕೂಬಸಾಬರು ಗುಳಿಗೆ ತಪ್ಪಿಸಲಿಲ್ಲ. ತಂಬಾಕನ್ನು ಎರಡು ಸಲ ಬಿಟ್ಟು ಎರಡು ಸಲ ಹಿಡಿದು, ಮೂರನೆಯ ಸಲ ಬಿಟ್ಟರು. ಆ ತಿಂಗಳು ಗಿರಾಕಿಗಳ ಮೇಲೆಲ್ಲ ರೇಗಿದರು. ಸಾರಿಗೆ ಉಪ್ಪು ಸಾಲದೆಂದು ತಾಟು ಬಿಟ್ಟು ಎದ್ದವರು, ಅಂಗಳದಲ್ಲಿ ನಾಲ್ಕು ಸುತ್ತು ಹಾಕಿ, ಮರಳಿ ಬಂದು ಉಂಡರಂತೆ. ಈಗ ಅವರಿಗೆ ಐವತ್ತೈದು. ಮೊನ್ನೆ ಬೆಳಗಿನ ನಡಿಗೆಯಲ್ಲಿ ಸಿಕ್ಕಾಗ ಕಂಗೆಟ್ಟವರಂತೆ ಹೇಳಿದರು: "ಈ ವರ್ಷಗಳ ಬಗ್ಗೆ ನಾ ಏನೂ ವಿಚಾರ ಮಾಡಿರಲಿಲ್ಲರಿ ಸರ. ಏನು ಮಾಡಬೇಕು, ತಿಳೀವಲ್ದು."

ಸಾವಿಗೆ ಸಿದ್ಧರಾದವರನ್ನು ಲೋಕ ಧೀರರೆಂದು ಹೊಗಳುತ್ತದೆ. ವಿಧಿಯನ್ನು ನಂಬಿದವರಿಗೆ ಒಂದು ಬಗೆಯ ನೆಮ್ಮದಿಯೂ ಉಂಟು, ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲವಲ್ಲ. ಬದುಕಲೂಬಹುದೆಂದು ಒಮ್ಮೆ ತಿಳಿದುಬಿಟ್ಟರೆ ಆ ನೆಮ್ಮದಿ ಹೋಗುತ್ತದೆ. ಖಾತ್ರಿಯಿಲ್ಲದ ನಾಳೆಗಾಗಿ ಈ ಹೊತ್ತಿನ ರುಚಿಯನ್ನು ಪ್ರತಿದಿನವೂ ಬಿಡುತ್ತಿರಬೇಕಾದ ಆ ಧೈರ್ಯವನ್ನು ಹೊಗಳುವವರು ಯಾರೂ ಇರುವುದಿಲ್ಲ.