ಅಂಬರಾಯರ ಪರವಾನಗಿ

ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ರಸ್ತೆಯ ಸಿಮೆಂಟ್ ಕಾರ್ಖಾನೆಗೆ ಕಂಪ್ಯೂಟರ್ ಬಂದದ್ದು ೧೯೮೭ರ ಬೇಸಿಗೆಯಲ್ಲಿ. ಅದರ ಉಸ್ತುವಾರಿ ಆಫೀಸ್ ಸೂಪರಿಂಟೆಂಡೆಂಟ್ ಅಂಬರಾಯರಿಗೆ ಸಿಕ್ಕಿತು. ಅವರಿಗೆ ಕಂಪ್ಯೂಟರ್ ಗೊತ್ತಿತ್ತೆಂದಲ್ಲ. ಇಡೀ ಕಚೇರಿಯಲ್ಲಿ ಏರ್‌ಕಂಡಿಷನರ್ ಇದ್ದ ಕೋಣೆ ಅದೊಂದೇ ಆಗಿತ್ತು, ಅಂಬರಾಯರು ಎಲ್ಲರಿಗಿಂತ ಸೀನಿಯರ್ ಆಗಿದ್ದರು.

ಯಂತ್ರವನ್ನು ನಿಜಕ್ಕೂ ನೋಡಿಕೊಳ್ಳುತ್ತಿದ್ದವಳು ಶಹರಬಾನು. ಶಹಾಬಾದಿನ ಹುಡುಗಿ, ಗುಲ್ಬರ್ಗಾದಲ್ಲಿ ಬಿಎಸ್ಸಿ ಮಾಡಿ ಹೈದರಾಬಾದಿನಲ್ಲಿ ಆ ಯಂತ್ರವನ್ನು ನಡೆಸುವ ಯುನಿಕ್ಸ್ ವ್ಯವಸ್ಥೆ ಕಲಿತು ಬಂದಿದ್ದಳು. ಮಾತು ಕಡಿಮೆ, ಆಡಿದರೆ ಚುರುಕು. ದಿನಾ ಬೆಳಗ್ಗೆ ಅಂಬರಾಯರು ಬಂದು ಯಂತ್ರಕ್ಕೆ ಊದಿನಕಡ್ಡಿ ಬೆಳಗುವುದನ್ನು ಅವಳು ಸಹಿಸಿಕೊಂಡಿದ್ದಳು. ಬೂದಿ ಯಂತ್ರದ ಮಾಹಿತಿ ತುಂಬಿದ ಟೇಪಿನ ಮೇಲೆ ಬಿದ್ದ ದಿನ ಮಾತ್ರ, "ಸಾಹೇಬ್ರ, ದೇವರಿಗಿ ಹೊರಗ ಕುಂದರ್ಸ್ರಿ" ಅಂದಿದ್ದಳು.

ಜಗಳ ಶುರುವಾದದ್ದು ಚಹಾದಿಂದ. ನಾಲ್ಕು ಗಂಟೆಗೆ ಚಹಾ ಕೊಡಲಾಗುವುದೆಂದು ಅಂಬರಾಯರು ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಸುತ್ತೋಲೆ ಟೈಪು ಮಾಡಿಸಿದರು. 'ಸರ್ವ್ಡ್' ಎಂದಿರಬೇಕಾದಲ್ಲಿ 'ಸೆವರ್ಡ್' ಎಂದು ಅವರೇ ತಿದ್ದಿಸಿದ್ದರಿಂದ ನಾಲ್ಕು ಗಂಟೆಗೆ ಚಹಾ ಕಡಿಯಲಾಗುವುದು ಎಂಬ ಅರ್ಥ ಬಂತು. ಡಿಸ್ಪ್ಯಾಚ್ ವಿಭಾಗದ ಹೆಡ್ ಕ್ಲರ್ಕ್ ಅಮೀರ್ ಅಲಿ ಯಂತ್ರಕ್ಕೆ ತಂತಿ ಜೋಡಿಸಿದ ತಮ್ಮ ಮೇಜಿನ ಟರ್ಮಿನಲ್ಲಿನಲ್ಲಿ ಅದನ್ನು ಓದಿ, ನಕ್ಕು, ಸರಿ ಮಾಡಿಬಿಟ್ಟರು.

ಅಂಬರಾಯರಿಗೆ ತಪ್ಪು ಮಾಡಿದ್ದಕ್ಕೆ ಏನೂ ಅನಿಸಲಿಲ್ಲ. ತಿದ್ದಿದ್ದಕ್ಕೆ ಮೈ ಉರಿಯಿತು.

"ನನ್ನ ಫೈಲಿಗಿ ಅಂವ ಹ್ಯಾಂಗ ಕೈ ಹಚ್ಚಿದ?"

"ಪರವಾನಗಿ ಇತ್ತರಿ, ಹಚ್ಚಿದ್ರು," ಅಂದಳು ಶಹರಬಾನು. ಪ್ರತಿ ಫೈಲಿಗೂ ಒಬ್ಬ ಮಾಲೀಕ ಇರುತ್ತಾನೆ, ಅವನ ಗುಂಪು ಇರುತ್ತದೆ, ಆಮೇಲೆ ಉಳಿದವರು. ಯಾರು ಓದಬಹುದು, ಯಾರು ಬರೆಯಬಹುದು, ಯಾರು ಅದನ್ನು ಆದೇಶವಾಗಿ ನಡೆಸಬಹುದು ಎಂಬುದನ್ನು ಒಂದೊಂದು ಫೈಲಿಗೂ ಬೇರೆ ಬೇರೆ ಗೊತ್ತು ಮಾಡಬಹುದು ಎಂದು ವಿವರಿಸಿದಳು.

ಅಂಬರಾಯರ ಮುಖ ಅರಳಿತು. ಅಲ್ಲಿಯವರೆಗೆ ಕಂಪ್ಯೂಟರ್ ಅವರಿಗೆ ಪರದೇಶದ ವಸ್ತುವಾಗಿತ್ತು. ಈಗ ಸ್ವಂತ ಊರಿನದಾಯಿತು. ಮಾಲೀಕ, ಅವನ ಮಂದಿ, ಹೊರಗಿನವರು. ಇದನ್ನು ಕಲಿಯಲು ಹೈದರಾಬಾದಿಗೆ ಯಾಕೆ ಹೋಗಬೇಕು?

"ಎಲ್ಲಾ ಫೈಲಿಗೂ ಮಾಲೀಕ ನಾನು ಅಂತ ಮಾಡು. ಉಳದವ್ರಿಗಿ ಏನೂ ಬ್ಯಾಡ."

"ಓದ್ಲಿಕ್ಕೂ ಬ್ಯಾಡೇನ್ರಿ? ಸುತ್ತೋಲಿ ಓದಲಿಲ್ಲಂದ್ರ ಚಾ ಯಾವಾಗಂತ ಮಂದಿಗಿ ಹ್ಯಾಂಗ ತಿಳೀಬೇಕು?"

"ಬಂದು ಕೇಳ್ತಾರ. ಕೇಳ್ಬೇಕು. ಮತ್ತ ಆ ನಡಸೋ ಪರವಾನಗಿ ಅಂದೆಲ್ಲ, ಅದು ಯಾರಿಗೂ ಬ್ಯಾಡ. ಕಾರ್ಖಾನಿ ನಡಸ್ಲಿಕ್ಕೆ ನಾವು ಇದ್ದೀವಿ."

ಒಂದೊಂದೇ ಫೈಲಿಗೆ ಆದೇಶ ಟೈಪು ಮಾಡುತ್ತ ಕೂರುವುದು ಶಹರಬಾನುವಿಗೆ ಬೇಸರವಾಯಿತು. ಆದೇಶಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದು, ಅದರ ಹೆಸರು ಹೊಡೆದರೆ ಯಂತ್ರವೇ ಒಂದಾದ ಮೇಲೊಂದು ಮಾಡಿ ಮುಗಿಸುವಂತೆ ಒಂದು ಶೆಲ್ ಸ್ಕ್ರಿಪ್ಟ್ ಬರೆದಳು. ಫೈಲುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಟ್ಟ ಡೈರೆಕ್ಟರಿಗಳಲ್ಲಿ ನಾವು ನಿಂತ ಕಡೆಯಿಂದ ಕೆಳಗಿರುವ ಪ್ರತಿ ಫೈಲನ್ನೂ ಹುಡುಕಿ, ಮಾಲೀಕನ ಹೆಸರು ಬದಲಿಸಿ, ಓದು ಬರಹವನ್ನು ಮಾಲೀಕನಿಗಷ್ಟೇ ಉಳಿಸಿ, ಉಳಿದ ಪರವಾನಗಿಯನ್ನೆಲ್ಲ ಕಿತ್ತುಹಾಕುವುದು ಅದರ ಕೆಲಸ. ಸ್ಕ್ರಿಪ್ಟಿಗೆ 'ಅಂಬರಾಯ' ಎಂದೇ ಹೆಸರಿಡಬೇಕೆಂದು ಸಾಹೇಬರು ಹಟ ಹಿಡಿದರು. ಇಟ್ಟಳು.

"ಒಂದು ಮಾತು ನೆನಪಿರಲಿರಿ. ಎಲ್ಲಿ ನಿಂತು ಇದನ್ನ ನಡಸ್ತೀರಿ ಅನ್ನೋದು ನೋಡ್ಕೋರಿ. ನಿಮ್ಮ ಆಫೀಸ್ ಫೈಲಿನ ಡೈರೆಕ್ಟರಿ ಬಿಟ್ಟು ಮ್ಯಾಲ ಹೋಗಬ್ಯಾಡ್ರಿ."

ಮೇಲೆ ಹೋಗಬೇಡ ಎಂಬ ಮಾತನ್ನು ಅಂಬರಾಯರು ತಮ್ಮ ಸರ್ವೀಸಿನಲ್ಲಿ ಎಂದೂ ಕೇಳಿದವರಲ್ಲ.

ಸ್ಕ್ರಿಪ್ಟ್ ನಡೆದ ಮುಂದಿನ ದಿನಗಳಲ್ಲಿ ಕಂಪ್ಯೂಟರ್ ಕೋಣೆಯ ಹೊರಗೆ ದರ್ಗಾದ ಮುಂದಿನ ಹಾಗೆ ಮಂದಿ ನಿಂತರು. ಸ್ಟೋರಿನವರು ಗ್ರೀಸ್ ಎಷ್ಟಿದೆ ಎಂದು ನೋಡಲು ಬಂದರು, ಟೈಮ್ ಆಫೀಸಿನವರು ಪಾಳಿ ಪಟ್ಟಿಗೆ ಬಂದರು. ಅಂಬರಾಯರು ಒಬ್ಬೊಬ್ಬರನ್ನೇ ಕರೆದು, "ಯಾಕ ಬೇಕು?" ಎಂದು ವಿಚಾರಿಸಿ, ಒಮ್ಮೊಮ್ಮೆ ಕೊಡುತ್ತಿದ್ದರು. ಅಮೀರ್ ಅಲಿ ಮಾತ್ರ ಬರಲಿಲ್ಲ. ಅವರು ಹಳೇ ಕಾರ್ಬನ್ ಪೇಪರ್ ಹೊರತೆಗೆದು ವ್ಯಾಗನ್ ಚೀಟಿಗಳನ್ನು ಕೈಯಿಂದ ಬರೆಸತೊಡಗಿದರು.

ಅಷ್ಟರಲ್ಲಿ ಅಂಬರಾಯರ ಕಣ್ಣಿಗೆ ಒಂದು ಹೊಸ ಸಂಗತಿ ಬಿತ್ತು. ತಮ್ಮ ಹೆಸರಿಲ್ಲದ ಫೈಲುಗಳು ಯಂತ್ರದಲ್ಲಿ ಇನ್ನೂ ರಾಶಿ ಇದ್ದವು. ಅವೆಲ್ಲವೂ ಒಬ್ಬನದೇ ಹೆಸರಿನಲ್ಲಿದ್ದವು.

"ಈ ರೂಟ್ ಅಂಬಾಂವ ಯಾರು? ಯಾವ ಡಿಪಾರ್ಟ್‌ಮೆಂಟಿನಾಂವ?"

"ಮನಿಷ್ಯಾ ಅಲ್ಲರಿ. ಯಂತ್ರದ ದೊಡ್ಡ ಅಧಿಕಾರ ಅದು. ಆ ಪಾಸ್‌ವರ್ಡ್ ನನ್ನ ಹಂತೇಲಿ ಇರ್ತದ."

"ಅಂದ್ರ ನನ್ನಕಿಂತ ಮ್ಯಾಲ ನೀ ಕುಂತೀಯೇನು?"

ಅಂಬರಾಯರು ಜನರಲ್ ಮ್ಯಾನೇಜರ ಹತ್ತಿರ ಹೋದರು. ಜನರಲ್ ಮ್ಯಾನೇಜರು ರೂಟ್ ಎಂದರೆ ರೈಲ್ವೆಗೆ ಸಂಬಂಧಪಟ್ಟದ್ದೆಂದು ತಿಳಿದು, ಪಾಸ್‌ವರ್ಡನ್ನು ಉಸ್ತುವಾರಿ ಹೊತ್ತವರಿಗೆ ಒಪ್ಪಿಸಬೇಕೆಂದು ಲಿಖಿತ ಆದೇಶ ಕೊಟ್ಟರು. ಶಹರಬಾನು ಆದೇಶವನ್ನು ಓದಿದಳು, ಅಂಬರಾಯರನ್ನು ನೋಡಿದಳು. ಪಾಸ್‌ವರ್ಡ್ ಹೇಳಿ ಊಟಕ್ಕೆ ಎದ್ದುಹೋದಳು.

ಅವಳು ಡಬ್ಬಿ ಬಿಚ್ಚುವುದರೊಳಗೆ ಅಂಬರಾಯರು ರೂಟ್ ಆಗಿ ಒಳಹೊಕ್ಕು, ಡೈರೆಕ್ಟರಿಗಳ ಮೆಟ್ಟಿಲು ಹತ್ತಿ ತುತ್ತತುದಿಗೆ ಹೋಗಿ ನಿಂತು, ತಮ್ಮದೇ ಹೆಸರು ಹೊಡೆದರು.

ಯಂತ್ರ ವಿಧೇಯವಾಗಿತ್ತು. ಯಾರೂ ಏನನ್ನೂ ನಡೆಸಬಾರದು ಎಂಬುದು ಅಪ್ಪಣೆ. ಯುನಿಕ್ಸಿನಲ್ಲಿ ಪ್ರತಿ ಆದೇಶವೂ ಒಂದು ಫೈಲೇ. ಒಳಬರುವವರನ್ನು ಬರಮಾಡಿಕೊಳ್ಳುವ ಫೈಲಿನ ಪರವಾನಗಿ ಹೋಯಿತು. ಫೈಲುಗಳನ್ನು ತೋರಿಸುವ ಫೈಲಿನದು ಹೋಯಿತು. ಕೊನೆಗೆ ಪರವಾನಗಿ ಬದಲಿಸುವ ಆದೇಶದ ಸರದಿಯೇ ಬಂದು, ಅದು ತನ್ನ ಪರವಾನಗಿಯನ್ನು ತಾನೇ ಕಿತ್ತುಕೊಂಡಿತು. ಅಲ್ಲಿಂದ ಮುಂದೆ ಪರದೆಯ ತುಂಬ ಒಂದೇ ಸಾಲು ಓಡತೊಡಗಿತು: ಪರವಾನಗಿ ಇಲ್ಲ, ಪರವಾನಗಿ ಇಲ್ಲ.

ಶಹರಬಾನು ಕೈ ತೊಳೆದುಕೊಂಡು ಬಂದಾಗ ಅಂಬರಾಯರು ಕೀಲಿಮಣೆಯಿಂದ ಕೈ ದೂರ ಹಿಡಿದು ಕೂತಿದ್ದರು.

"ನಾನು ಮಾಲೀಕ ಅಂತ ಇದಕ್ಕ ಹೇಳು," ಅಂದರು.

"ಅದಕ್ಕ ಗೊತ್ತದ ಸಾಹೇಬ್ರ. ಅದರ ಕೈಕಾಲ ನೀವು ತಗದೀರಿ. ಈಗ ಹೇಳಿದ್ರ ಕೇಳ್ತದ, ಮಾಡ್ಲಿಕ್ಕೆ ಬರಂಗಿಲ್ಲ."

"ವಾಪಸ್ ಕೊಡು ಮತ್ತ."

"ಕೊಡೋ ಆದೇಶಕ್ಕೂ ಪರವಾನಗಿ ಇಲ್ಲರಿ."

ಹೈದರಾಬಾದಿನಿಂದ ಕಂಪ್ಯೂಟರ್ ಕಂಪನಿಯ ಎಂಜಿನಿಯರ್ ಮೂಲ ಆದೇಶಗಳ ಟೇಪ್ ಹಿಡಿದು ವಾಡಿ ಸ್ಟೇಷನ್ನಿನಲ್ಲಿ ಇಳಿಯುವವರೆಗೆ ಕಂಪ್ಯೂಟರ್ ಕೋಣೆ ತಣ್ಣಗಿತ್ತು, ಅಷ್ಟೇ. ಸ್ಟೋರು ಸ್ಟೋರಿನಲ್ಲೇ ಎಣಿಸಿಕೊಂಡಿತು. ಯಾರ್ಡಿನಿಂದ ಸಿಮೆಂಟಿನ ವ್ಯಾಗನ್ನುಗಳು ಅಮೀರ್ ಅಲಿಯ ಕೈಬರಹದ ಚೀಟಿಯ ಮೇಲೆ ಹೊರಟವು. ಒಂದು ದಿನವೂ ನಿಲ್ಲಲಿಲ್ಲ. ಅದು ಅಂಬರಾಯರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ತಮ್ಮ ಪರವಾನಗಿ ಇಲ್ಲದೆ ಲೋಕ ನಡೆಯಬಹುದೆಂದು ಅವರು ಎಣಿಸಿರಲಿಲ್ಲ.

ಎಂಜಿನಿಯರ್ ಟೇಪಿನಿಂದ ಯಂತ್ರ ಎಬ್ಬಿಸಿ, ಶಹರಬಾನುವಿನ ಜೊತೆ ಕೂತು ಎಲ್ಲವನ್ನೂ ಸರಿಮಾಡಿದ. ಹೋಗುವಾಗ, "ಇಷ್ಟು ಭದ್ರವಾಗಿ ಬೀಗ ಹಾಕಿದ ಯಂತ್ರವನ್ನು ನಾನು ಎಲ್ಲೂ ನೋಡಿಲ್ಲ" ಎಂದು ಜನರಲ್ ಮ್ಯಾನೇಜರಿಗೆ ಹೇಳಿದ. ಅವನು ಹಂಗಿಸಿದ್ದು. ಜನರಲ್ ಮ್ಯಾನೇಜರು ಅದನ್ನು ಹಾಗೆಯೇ ಹೆಡ್ ಆಫೀಸಿಗೆ ಬರೆದರು. ಪಾಸ್‌ವರ್ಡ್ ಆದೇಶಕ್ಕೆ ಸಹಿ ಹಾಕಿದವರು ತಾವೇ ಆಗಿದ್ದರಿಂದ, ವಿಷಯ ಹೊಗಳಿಕೆಯಲ್ಲಿ ಮುಗಿಯುವುದು ಅವರಿಗೂ ಬೇಕಿತ್ತು.

ಹೆಡ್ ಆಫೀಸಿನವರು ಅಂಬರಾಯರನ್ನು ಕರೆಸಿಕೊಂಡರು. ಕಂಪನಿಯ ಎಲ್ಲ ಕಾರ್ಖಾನೆಗಳಿಗೂ ಕಂಪ್ಯೂಟರ್ ಭದ್ರತೆಯ ಸಲಹೆಗಾರರು, ಬಡ್ತಿಯ ಮೇಲೆ. ಬೀಳ್ಕೊಡುಗೆಗೆ ಹಾರ ಹಾಕಿದರು. ಅಂಬರಾಯರು ಶಿಸ್ತಿನ ಬಗ್ಗೆ ಮಾತಾಡಿದರು, ಕಣ್ಣಲ್ಲಿ ನೀರು ತಂದುಕೊಂಡರು.

ಸಂಜೆ ಅಮೀರ್ ಅಲಿ ಕಂಪ್ಯೂಟರ್ ಕೋಣೆಗೆ ಬಂದು ಕೂತರು.

"ನೀನು ಒಂದು ಮಾತು ಹೇಳಬೇಕಿತ್ತು ಬೇಟಿ. ಅಂವ ಏನು ಮಾಡಿದ ಅಂತ ಹೆಡ್ ಆಫೀಸಿಗಿ ತಿಳೀತಿತ್ತು."

"ಹೇಳಿದ್ರ ಅವರು ಇಲ್ಲೇ ಇರ್ತಿದ್ರು ಚಾಚಾ," ಅಂದಳು ಶಹರಬಾನು. ಟರ್ಮಿನಲ್ಲಿನ ಕಡೆ ತಿರುಗಿ, ಪಾಳಿ ಪಟ್ಟಿಯನ್ನು ಎಲ್ಲರೂ ಓದುವಂತೆ ಮಾಡುವ ಕೆಲಸಕ್ಕೆ ಕೂತಳು.