ಬೆನ್ನು ತಿರುಗಿಸಿ ನಿಂತವರು

ಬೀಗ ಬಿಚ್ಚಿಕೊಂಡ ಸದ್ದು ಕಿವಿಗೆ ಬಿತ್ತೆಂದರೆ ಸಾಕು, ಅವರು ಬೆನ್ನು ತಿರುಗಿಸಿಬಿಡುತ್ತಿದ್ದರು. ಕೈ ಇನ್ನೂ ಚಿಲಕದ ಮೇಲಿದ್ದರೂ ಮುಖ ಮಾತ್ರ ಬೀದಿಯ ಕಡೆಗೆ. ಬಾಗಿಲನ್ನು ತಳ್ಳುವುದು ಮನೆಯವರ ಕೆಲಸ, ಒಳಗೆ ಕಣ್ಣು ಹಾಯಿಸುವುದು ಮನೆಯವರ ಹಕ್ಕು, ತನ್ನದೇನಿದ್ದರೂ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಕಬ್ಬಿಣದ ಸಮಾಚಾರ ಎಂಬುದು ಅವರ ನಲವತ್ತು ವರ್ಷಗಳ ವೃತ್ತಿಧರ್ಮ. ಕೀಲಿ ಕಳೆದುಕೊಂಡು ಹೊಸ್ತಿಲಾಚೆ ಪರದಾಡುತ್ತಿದ್ದ ದಾದಿಯೊಬ್ಬರು, "ಒಳಗೆ ಬನ್ನಿ, ಒಂದು ಲೋಟ ಟೀ ಕುಡ್ಕೊಂಡು ಹೋಗಿ" ಎಂದು ಎಷ್ಟು ಒತ್ತಾಯಿಸಿದರೂ ಈ ಮಹಾನುಭಾವರು ಗೋಡೆಯತ್ತ ಮುಖಮಾಡಿಯೇ ಉತ್ತರಿಸಿದ್ದರು: "ಬೇಡ ತಾಯಿ. ನಾಳೆ ನಿಮ್ಮನೇಲಿ ಒಂದು ಚಮಚ ಕಾಣದೆ ಹೋದ್ರೂ ಮೊದಲು ನೆನಪಾಗೋದು ನನ್ನ ಮುಖ."

ಅವರ ಸ್ವಂತ ಹೆಸರು ಬಲ್ಲವರು ನಮ್ಮ ಬೀದಿಯಲ್ಲಿ ಇರಲೇ ಇಲ್ಲವೆನ್ನಬೇಕು. ಬೀಗ ರಿಪೇರಿ ಮಾಡುವವರಾದ್ದರಿಂದ ಎಲ್ಲರ ಬಾಯಲ್ಲೂ 'ಬೀಗರು' ಎಂದೇ ನೆಲೆನಿಂತಿದ್ದರು. ಹೆಣ್ಣು ಕೊಡದೆ, ಹೆಣ್ಣು ತರದೆ ಊರಿಗೆಲ್ಲ ಬೀಗರಾದವರು ಇವರೊಬ್ಬರೇ ಎಂದು ನಾವು ತಮಾಷೆ ಮಾಡಿದರೆ, ಮದುವೆಯ ಗೊಡವೆಗೇ ಹೋಗದಿದ್ದ ಆ ಮನುಷ್ಯ, "ಇರ್ಲಿ, ಅದು ಬೇರೆ ಮಾತು" ಎಂದು ಅರ ಉಜ್ಜುವುದನ್ನು ಮುಂದುವರಿಸುತ್ತಿದ್ದರು. ಹೊಗಳಿದರೂ ಅದೇ ಮಾತು, ತೆಗಳಿದರೂ ಅದೇ ಮಾತು. ಮೈಮೇಲೆ ಎಂಟು ಜೇಬುಗಳ ಕಂದು ಕೋಟು, ಬಲಗಡೆಯ ಜೇಬುಗಳಲ್ಲೆಲ್ಲ ಕೀಲಿಗೊಂಚಲುಗಳ ಭಾರ. ಹೀಗಾಗಿ ಬಲಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಒಮ್ಮೆ ಗೃಹಸ್ಥನೊಬ್ಬ ಬೀರು ತೆಗೆದುಕೊಡಿರೆಂದು ಮನೆಗೆ ಕರೆದೊಯ್ದ. ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ ಬೀಗರು, "ಇದರ ಕೀಲಿ ಯಾರ ಹತ್ರ ಇರ್ತಿತ್ತು?" ಎಂದು ಕೇಳಿದರು. ಹೆಂಡತಿಯ ಹತ್ತಿರವೆಂದು ತಿಳಿದದ್ದೇ ತಡ, ಎದ್ದು ಕೋಟು ಕೊಡವಿಕೊಂಡು, "ಹಾಗಾದ್ರೆ ಆಯಮ್ಮನೂ ಬರ್ಲಿ, ಆಮೇಲೆ ತೆಗೆಯೋಣ" ಎಂದು ಬಂದ ದಾರಿ ಹಿಡಿದಿದ್ದರು. ಆ ಗೃಹಸ್ಥ ಬೀದಿಯ ತುದಿಯವರೆಗೂ ಅವರನ್ನು ಬಯ್ದುಕೊಂಡು ಬಂದ.

ಇಂಥವರ ಮನೆಯ ಬೀಗವನ್ನೇ ಒಂದು ಮಧ್ಯಾಹ್ನ ಯಾರೋ ಮುರಿದರು. ದೀಪದ ಬುಡದಲ್ಲೇ ಕತ್ತಲು ಎಂದು ಬೀದಿಯವರು ಆಡಿಕೊಳ್ಳುವಷ್ಟು ಚಿಕ್ಕ ಸಂಗತಿಯಾಗಿರಲಿಲ್ಲ ಅದು. ಒಳಗಿನಿಂದ ಬೀಗ ಹಾಕಿಕೊಂಡು ಬೀಗರ ಅಕ್ಕ ಒಬ್ಬರೇ ಇದ್ದರು. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗೇ ಇದ್ದ ಆ ಹೆಂಗಸು ದರ್ಜಿಗಳಿಗೆ ಕಾಜಾ ಹಾಕಿಕೊಟ್ಟು ತನ್ನ ಅನ್ನ ತಾನೇ ದುಡಿಯುತ್ತಿದ್ದರು. ದುಡ್ಡಿನ ಪೆಟ್ಟಿಗೆಯನ್ನು ಹಿಡಿದ ಕೈ ಬಿಡಲಿಲ್ಲವೆಂದು, ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದವನು ಕಬ್ಬಿಣದ ಸಲಾಕೆಯಿಂದ ಆ ಬಲಗೈಯನ್ನು ಜಜ್ಜಿಹೋದ. ಬೆರಳುಗಳು ಮತ್ತೆ ಮಡಚಲಿಲ್ಲ. ಅಂದಿನಿಂದ ಐವತ್ತೆಂಟರ ಬ್ರಹ್ಮಚಾರಿ ಬೆಳಗೆದ್ದು ಅಕ್ಕನ ತಲೆ ಬಾಚಿ ಜಡೆ ಹೆಣೆಯುವುದನ್ನು ಕಲಿತರು.

ಆ ವರ್ಷ ಊರಿನಲ್ಲಿ ಕಳವು, ದರೋಡೆಗಳು ಮಿತಿಮೀರಿದ್ದವು. ಕಠಿಣ ಕಾನೂನು ಬರಲೇಬೇಕೆಂದು ಜನ ಬೀದಿಗಿಳಿದಿದ್ದರು. ಅಹವಾಲಿನ ಒಂದು ಪ್ರತಿ ಬೀಗರ ಅಂಗಡಿಯಲ್ಲೂ ತೂಗುತ್ತಿತ್ತು, ಕೆಳಗೆ ಅವರದೇ ಮೊದಲ ಸಹಿ. ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ನಾಗರಿಕ ಸ್ವಾತಂತ್ರ್ಯದ ಮಹತ್ತ್ವವನ್ನು ಪ್ರತಿಪಾದಿಸಿ ಪತ್ರಿಕೆಗೆ ಎರಡು ಪ್ರಬಂಧಗಳನ್ನು ಬರೆದಿದ್ದೆ, ನಿರಪರಾಧಿಯೊಬ್ಬನ ಕಣ್ಣೀರು, ನಿರಂಕುಶ ಪ್ರಭುತ್ವ ಇತ್ಯಾದಿ. ಬೀಗರು ಎರಡನ್ನೂ ಓದಿದ್ದರು.

"ಚೆನ್ನಾಗಿ ಬರ್ದಿದ್ದೀರಿ ಸ್ವಾಮಿ. ನಮ್ಮಕ್ಕನ ಬೆರಳಿಗೆ ಏನು ಮಾಡೋಣ, ಅದನ್ನೂ ಒಂಚೂರು ಬರೀರಿ."

ಕಾನೂನು ಬಂತು. ಆಯುಧ ಸಿಕ್ಕಿತೆಂಬ ಮಹಜರಿಗೆ ಇಬ್ಬರು ನಾಗರಿಕರ ಸಹಿ ಬಿದ್ದರೆ ಸಾಕು, ಆ ಮನೆಯವನಿಗೆ ಒಂದು ವರ್ಷ ಜಾಮೀನಿಲ್ಲ, ನ್ಯಾಯಾಧೀಶರೂ ಬಿಡುವಂತಿಲ್ಲ.

ತಿಂಗಳೊಪ್ಪತ್ತಿನಲ್ಲೇ ಹಿಂದಿನ ಓಣಿಯ ಸರಕು ಗಾಡಿಯ ಚಾಲಕನನ್ನು ಪೊಲೀಸರು ಹಿಡಿದರು. ಅವನ ಗೊಗ್ಗರು ದನಿ ಕೇಳಿ, ಆ ಮಧ್ಯಾಹ್ನ ತನ್ನನ್ನು ಗದರಿದ ದನಿಯೇ ಎನ್ನಿಸಿ ಬೀಗರ ಅಕ್ಕ, "ಅವನೇ ಇರಬೇಕು" ಎಂದಿದ್ದರು. ಅವನು ಠಾಣೆಯಲ್ಲಿದ್ದ, ಅವನ ತಾಯಿ ಕೆಲಸಕ್ಕೆ ಹೋಗಿದ್ದಳು, ಮನೆಗೆ ಬೀಗ. ಬೆಳಗಿನ ಹನ್ನೊಂದು ಗಂಟೆಗೆ ಬೀಗರನ್ನು ಕರೆಸಿದರು. ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನೂ ಇನ್‌ಸ್ಪೆಕ್ಟರು ಕೈಮುಗಿದು ನಿಲ್ಲಿಸಿಕೊಂಡರು, ನನ್ನ ಹಳೆಯ ಶಿಷ್ಯ. "ಮೇಷ್ಟ್ರೇ, ನಿಮ್ಮಂಥವರ ಸಹಿ ಇದ್ರೆ ಅದರ ತೂಕವೇ ಬೇರೆ."

ಬೀಗ ಬಿಚ್ಚಿತು, ಬೀಗರು ಎಂದಿನಂತೆ ಬೀದಿಯತ್ತ ತಿರುಗಿದರು. ಪೊಲೀಸರು ಒಳಹೊಕ್ಕರು. ನಾನು ಒಳಮುಖವಾಗಿಯೇ ಹೊಸ್ತಿಲ ಬಳಿ ನಿಂತಿದ್ದೆ, ನಿಜ. ಆದರೆ ಅವರು ಹುಡುಕಿದ್ದು ಅಡ್ಡಗೋಡೆಯ ಆಚೆಯ ಕೋಣೆಯಲ್ಲಿ. ನನಗೆ ಕೇಳಿಸಿದ್ದು ಟ್ರಂಕು ಎಳೆದ ಸದ್ದು, ಕಂಡದ್ದು ಸಲಾಕೆ ಹಿಡಿದು ಹೊರಬಂದ ಪೇದೆ. ಮಹಜರು ಬರೆದಾಯಿತು. ಶಿಷ್ಯ ಪೆನ್ನಿನ ಮುಚ್ಚಳ ತೆಗೆದು ಕೈಗಿತ್ತ. ನಾನು ಸಹಿ ಹಾಕಿದೆ. ಹೆದರಿಕೆಯಿಂದಲೂ ಅಲ್ಲ, ದ್ವೇಷದಿಂದಲೂ ಅಲ್ಲ. ಎಲ್ಲರೂ ಕಾಯುತ್ತ ನಿಂತಿದ್ದರು, ಬೇಡವೆನ್ನುವುದು ಸೌಜನ್ಯವಲ್ಲ ಎನ್ನಿಸಿತು.

ಬೀಗರು ಮಾತ್ರ ಕಾಗದವನ್ನು ತುಟಿ ಅಲುಗಿಸುತ್ತ ಮೊದಲಿಂದ ಕೊನೆಯವರೆಗೆ ಓದಿದರು.

"ಇಲ್ಲಿ 'ನಮ್ಮ ಸಮಕ್ಷಮ ಮಂಚದ ಕೆಳಗೆ ದೊರೆತ' ಅಂತಿದೆಯಲ್ಲ ಸಾರ್. ನಾನು ನೋಡಲಿಲ್ಲ."

"ಇಲ್ಲೇ ಬಾಗಿಲಲ್ಲಿ ಇದ್ರಲ್ರೀ!"

"ಬಾಗಿಲಲ್ಲಿದ್ದೆ. ಬೆನ್ನು ಈ ಕಡೆ ಇತ್ತು."

ಇನ್‌ಸ್ಪೆಕ್ಟರು ದನಿ ತಗ್ಗಿಸಿದರು. "ಬೀಗರೇ, ಇದು ನಿಮ್ಮಕ್ಕನ ಕೇಸೇ ಕಣ್ರೀ. ನೀವು ಹಾಕ್ಲಿಲ್ಲ ಅಂದ್ರೆ ಅವನು ಹದಿನೈದು ದಿನಕ್ಕೆ ಹೊರಗೆ ಬರ್ತಾನೆ, ನಿಮ್ಮನೆ ಮುಂದೇನೇ ಓಡಾಡ್ತಾನೆ. ಹೋಗ್ಲಿ, ನಿಮ್ಮ ಅಂಗಡಿ ಪರವಾನಗಿ ಸಹ ನಮ್ಮ ಮೇಜಿನ ಮೇಲೇ ಬರ್ಬೇಕಲ್ವಾ?"

ಬೀಗರು ಆ ಸಾಲನ್ನು ಮತ್ತೊಮ್ಮೆ ಓದಿದರು. "ಅವನೇ ಮಾಡಿರ್ಬೇಕು ಸಾರ್. ಅವನೇ ಅಂತ ನನ್ನ ಹೊಟ್ಟೇಲಿ ಬೆಂಕಿ ಉರೀತಿದೆ. ಅದು ಬೇರೆ ಮಾತು. ಸಲಾಕೆ ಅಲ್ಲಿತ್ತು ಅಂತ ಹೇಗೆ ಬರ್ಕೊಡ್ಲಿ?" ಎಂದು ಪೆನ್ನನ್ನು ಕಾಗದದ ಮೇಲೆ ಅಡ್ಡಲಾಗಿಟ್ಟು ಹೊರಟೇಹೋದರು.

ಸಂಜೆ ನಾನು ಅವರ ಮನೆಗೆ ಹೋದಾಗ ಒಲೆ ಹೊತ್ತಿರಲಿಲ್ಲ. ಅಕ್ಕ ಕಿಟಕಿಯ ಹತ್ತಿರ ನಿಂತಿದ್ದರು.

"ಊರಿನವರ ಮನೆ ನೋಡ್ಲಿಲ್ಲ, ಸರಿ. ಇವತ್ತೊಂದು ದಿನ ಕತ್ತು ತಿರುಗಿಸೋಕೆ ಏನಾಗಿತ್ತೋ ನಿಂಗೆ?"

"ಅದೇ ಅಕ್ಕಾ, ತಿರುಗಿಸ್ಬೇಕಿತ್ತು" ಎಂದು ಆ ಮನುಷ್ಯ ನೆಲದ ಮೇಲೆ ಕುಸಿದು ಗಳಗಳನೆ ಅತ್ತರು. ನೋಡಬೇಕಿತ್ತು, ನೋಡಬೇಕಿತ್ತು ಎಂದು ಹತ್ತು ಸಲ ಅಂದರು. ಸಹಿ ಹಾಕಬೇಕಿತ್ತೆಂದು ಒಂದು ಸಲವೂ ಅನ್ನಲಿಲ್ಲ. ಅಕ್ಕ ಮರುದಿನದಿಂದ ಬಾಚಣಿಗೆ ಹಿಡಿದುಕೊಂಡು ಎದುರುಮನೆಗೆ ಹೋಗತೊಡಗಿದರು; ಎಡಗೈಯಲ್ಲೇ ಅಡುಗೆ ಮಾಡಿ ತಮ್ಮನಿಗೆ ಬಡಿಸಿದರೇ ಹೊರತು ತಲೆಯನ್ನು ಮತ್ತೆ ಅವರ ಕೈಗೆ ಕೊಡಲಿಲ್ಲ.

ಬಾಗಿಲು ತೆರೆದಾಗ ಅಲ್ಲಿದ್ದ ನಾಗರಿಕರು ನಾವಿಬ್ಬರೇ, ಒಂದೇ ಸಹಿಯಿಂದ ಹೊಸ ಕಾನೂನು ಅನ್ವಯಿಸಲಿಲ್ಲ. ಚಾಲಕ ಹನ್ನೆರಡನೆಯ ದಿನ ಜಾಮೀನಿನ ಮೇಲೆ ಬಂದ. ಎರಡು ವರ್ಷದ ಮೇಲೆ ಸಾಕ್ಷ್ಯ ಸಾಲದೆ ಖಟ್ಲೆಯೂ ಬಿದ್ದುಹೋಯಿತು. ಅವನು ಅಪರಾಧಿಯೋ ಅಲ್ಲವೋ ಇಂದಿಗೂ ನನಗೆ ತಿಳಿಯದು. ಅವನ ತಾಯಿ ಒಮ್ಮೆ ಬೀಗರಿಗೆ ಕೈಮುಗಿಯಲು ಬಂದಾಗ ಅವರು, "ನಿನ್ನ ಮಗನಿಗೋಸ್ಕರ ಅಲ್ಲಮ್ಮ, ಹೋಗು" ಎಂದು ಸಿಡುಕಿ ಕಳಿಸಿದರು. ಪರವಾನಗಿ ಐದು ತಿಂಗಳು ಮೇಜಿನ ಮೇಲೇ ಕೊಳೆಯಿತು, ಅಂಗಡಿ ಮುಚ್ಚಿತು, ಕಳ್ಳನ ಕಡೆಯವರೆಂದು ಬೀದಿಯ ಜನ ಬೇರೆಡೆಗೆ ಕೀಲಿ ಮಾಡಿಸಲು ಹೋದರು.

ಅಂಗಡಿ ಮತ್ತೆ ತೆರೆದ ದಿನ ನಾನು ಹೋಗಿ ಕುಳಿತೆ. "ನಾನು ಸಹಿ ಹಾಕಿದ್ದಕ್ಕೆ ನೀವು ಒಂದು ಮಾತೂ ಅನ್ನಲಿಲ್ಲವಲ್ಲ" ಎಂದೆ.

ಬೀಗರಿಗೆ ಆಶ್ಚರ್ಯವಾಯಿತು. "ಅನ್ನೋದೇನಿದೆ ಸ್ವಾಮಿ? ನಿಮ್ಮ ಮುಖ ಒಳಗಡೆ ಇತ್ತು, ನೀವು ನೋಡಿದ್ರಿ, ಹಾಕಿದ್ರಿ. ನೋಡದೆ ನಿಮ್ಮಂಥವರು ಹಾಕ್ತೀರಾ?"

ಆ ದನಿಯಲ್ಲಿ ವ್ಯಂಗ್ಯದ ಲವಲೇಶವೂ ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು "ಹೂಂ" ಎಂದೆ.

ಇಂಥವರು ಸ್ವಾತಂತ್ರ್ಯದ ವಿಚಾರವಾಗಿ ಭಾಷಣ ಮಾಡುವವರಲ್ಲ. ಕೇಳಿದರೆ ಕಳ್ಳರ ಕೈ ಕಡಿಯಿರಿ ಎಂದೇ ಹೇಳಿಯಾರು, ಕಠಿಣ ಕಾನೂನಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿಯಾರು. ಕಾಣದ್ದನ್ನು ಕಂಡೆನೆನ್ನಲು ಅವರಿಗೆ ಬರುವುದಿಲ್ಲ, ಅಷ್ಟೇ. ಆ ಒಂದು ಅಸಾಮರ್ಥ್ಯಕ್ಕೆ ಮನೆಯ ನೆಮ್ಮದಿಯನ್ನೂ ರಕ್ತಸಂಬಂಧವನ್ನೂ ತೆತ್ತು, ತಾವು ಯಾರನ್ನಾದರೂ ಕಾಪಾಡಿದೆವೆಂಬ ತಿಳಿವಳಿಕೆ ಸಹ ಇಲ್ಲದೆ ಬಾಳಿ ಹೋಗುತ್ತಾರೆ. ಕಾನೂನು ಎಷ್ಟೇ ಬಿಗಿಯಾಗಲಿ, ಅದಕ್ಕೂ ಸಾಮಾನ್ಯನ ಕೊರಳಿಗೂ ನಡುವೆ ಅಡ್ಡ ನಿಲ್ಲುವವರು ಇಂಥ ನಾಲ್ಕು ಜನ. ಪ್ರಬಂಧ ಬರೆದು, ಶಿಷ್ಯನ ಪೆನ್ನಿನಿಂದ ಸಹಿ ಹಾಕಿ, ಮನೆಗೆ ಹೋಗಿ ಹೊಟ್ಟೆತುಂಬ ಉಂಡು ಮಲಗುವವರೇ ನಾವು ಮಿಕ್ಕವರೆಲ್ಲ.