ಅರ್ಧಕ್ಕೆ ಆರಿಸಿದ ಕುಣಿತ

"ಇನ್ನೂ ಮುಂದೆ ಕೂತ್ಕೊಳ್ಳಿ, ಚೆನ್ನಾಗಿ ಕಾಣ್ಸುತ್ತೆ," ಎಂದು ಯೋಗಾನಂದ ವಿಶಾಲಾಕ್ಷಮ್ಮನವರ ಕುರ್ಚಿಯನ್ನು ತಾನೇ ಟೀವಿಯ ಹತ್ತಿರಕ್ಕೆ ಎಳೆದ.

"ಕಣ್ಣಿಗೆ ಪೊರೆ ಬಂದಿದೆಯಪ್ಪ. ಬಣ್ಣ ಮಾತ್ರ ಕಾಣೋದು. ಕೇಳ್ತೀನಿ ಬಿಡು."

ಆರು ತಿಂಗಳ ಹಿಂದೆ ಅವನು ಗವಿಪುರಂನ, ತಾನು ಬೆಳೆದ ಅದೇ ಹಳೆಯ ಬೀದಿಗೆ ಬಾಡಿಗೆಗೆ ಬಂದಿದ್ದ. ಎದುರುಮನೆ ಅಜ್ಜಿಯ ಟೀವಿ ಕೆಟ್ಟಿದೆಯಂತೆ ಎಂದು ಹೆಂಡತಿ ಕುಸುಮಾ ಹೇಳಿದ ವಾರವೇ ಈ ಟೀವಿ ಕೊಂಡ. ಭಾನುವಾರ ಬೆಳಿಗ್ಗೆ ನೃತ್ಯ ಇದೆ, ಅವರನ್ನು ಕರೆದುಕೊಂಡು ಬಾ ಎಂದ. ಕುಸುಮಾ ಅದನ್ನು ಒಳ್ಳೆಯತನವೆಂದುಕೊಂಡಳು.

ಎಂಬತ್ತನಾಲ್ಕನೇ ಇಸವಿಯಲ್ಲಿ ಆ ಬೀದಿಗೆಲ್ಲ ಒಂದೇ ಟೀವಿ, ವಿಶಾಲಾಕ್ಷಮ್ಮನವರದು. ಬುಧವಾರ ಸಂಜೆ ಹಾಡು-ಕುಣಿತದ ಕಾರ್ಯಕ್ರಮಕ್ಕೆ ತರಕಾರಿ ಮಾರುವ ಅಣ್ಣಮ್ಮನ ಮಗ ಯೋಗಾನಂದ ಕಾಲು ತೊಳೆದುಕೊಂಡು ಬಂದು ಎಲ್ಲರಿಗಿಂತ ಮುಂದೆ ನೆಲದ ಮೇಲೆ ಕೂರುತ್ತಿದ್ದ. ಕಪ್ಪುಬಿಳುಪಿನಲ್ಲಿ ಕುಣಿಯುವವಳ ಸೀರೆಗೆ ಮನಸ್ಸಿನಲ್ಲೇ ಬಣ್ಣ ಹಚ್ಚುತ್ತಿದ್ದ. ಅಂಥ ಸುಖ ಅವನಿಗೆ ಆಮೇಲೆ ಎಂ.ಎ. ಪಾಸಾದಾಗಲೂ ಸಿಗಲಿಲ್ಲ.

ಒಂದು ಬುಧವಾರ ತನಗೇ ತಿಳಿಯದೆ ಎದ್ದು ಕುಣಿದ. ಮಕ್ಕಳು ಚಪ್ಪಾಳೆ ತಟ್ಟಿದರು. ವಿಶಾಲಾಕ್ಷಮ್ಮ ಟೀವಿ ಆರಿಸಿದರು.

"ನಿಮ್ಮಮ್ಮ ಬುಟ್ಟಿ ಹೊರ್ತಾಳೆ, ನೀನಿಲ್ಲಿ ಕುಣೀತೀಯಾ? ಸಾಕು, ನಡಿ ಮನೆಗೆ."

ಅಂದಿನಿಂದ ಅವನ ಕಾಲು ಯಾವ ತಾಳಕ್ಕೂ ಅಲುಗಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗ ಕಂಬದ ಹಾಗೆ ನಿಂತಿರುತ್ತಾನೆ. ಹುಡುಗರು ಅದನ್ನು ಗಾಂಭೀರ್ಯವೆನ್ನುತ್ತಾರೆ.

ಮೃದಂಗ ಶುರುವಾಯಿತು. ಗೆಜ್ಜೆ ಸೇರಿಕೊಂಡಿತು. ಮುದುಕಿಯ ಬೆರಳುಗಳು ಕುರ್ಚಿಯ ಕೈಮೇಲೆ ತಾಳ ಹಾಕತೊಡಗಿದವು. ಮುಖ ಅರಳಿತು. ಇನ್ನೂ ಅರಳಲಿ ಎಂದು ಅವನು ಕಾದ. ಕುಣಿತ ರಭಸಕ್ಕೇರಿದಾಗ ಗುಂಡಿ ಒತ್ತಿದ.

ಬೆರಳು ನಿಂತವು.

"ಯಾಕಪ್ಪ, ಕರೆಂಟ್ ಹೋಯ್ತಾ?"

ಹದಿನೈದು ವರ್ಷ ಬಾಯಿಪಾಠ ಮಾಡಿಟ್ಟುಕೊಂಡ "ಸಾಕು, ನಡೀರಿ ಮನೆಗೆ" ನಾಲಿಗೆಯವರೆಗೂ ಬಂತು, ಹೊರಬೀಳಲಿಲ್ಲ.

"ಹೂಂ," ಎಂದ. ಆಮೇಲೆ, "ನಾನ್ಯಾರು ಗೊತ್ತಾಯ್ತಾ?" ಎಂದು ಕೇಳಿದ.

"ಕುಸುಮಾನ ಯಜಮಾನ್ರು. ಲೆಕ್ಚರರು."

"ಅಣ್ಣಮ್ಮನ ಮಗ."

"ಯಾವ ಅಣ್ಣಮ್ಮ?"

ಅವನು ಕಪ್ಪಾದ ಟೀವಿಯ ಕಡೆ ತಿರುಗಿದ.

"ಇರ್ಲಿ ಬಿಡು. ನನಗೇನು ಅವಸರ ಇಲ್ಲ. ಕರೆಂಟ್ ಬರೋವರೆಗೂ ಕಾಯ್ತೀನಿ."

ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅದರ ಗಾಳಿಗೆ ಮುಖದ ಮೇಲೆ ಬಿದ್ದ ಬಿಳಿಕೂದಲನ್ನು ವಿಶಾಲಾಕ್ಷಮ್ಮ ಕಿವಿಯ ಹಿಂದಕ್ಕೆ ಸರಿಸಿಕೊಂಡರು. ಗಾಳಿ ಮತ್ತೆ ಹಾರಿಸಿತು. ಅವರು ಮತ್ತೆ ಸರಿಸಿಕೊಂಡರು.